ಮುಚ್ಚಿದ ಬಾಗಿಲಿನ ಯಾತ್ರೆಗಳು

ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಜಾನ್ಸನ್ ಬಾಹ್ಯಾಕಾಶ ಕೇಂದ್ರದೊಳಗೆ 2025ನೆಯ ಇಸವಿ ಅಕ್ಟೋಬರ್ 19ನೆಯ ತಾರೀಖಿನಂದು ನಾಲ್ವರು ಸ್ವಯಂಸೇವಕರು ಒಂದು ಮನೆಯನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಮನೆಯ ವಿಸ್ತೀರ್ಣ 1,700 ಚದರ ಅಡಿ. ಗೊತ್ತುಪಡಿಸಿದ ವಾಸದ ಅವಧಿ 378 ದಿವಸ. ಆ ಮನೆಯು ಮಂಗಳ ಗ್ರಹದ ಮೇಲಿರುವುದೆಂದು ಭಾವಿಸಿಕೊಂಡು ಅವರು ಅಲ್ಲಿ ಉಂಡು, ದುಡಿದು, ಮಲಗಿ, ಎದ್ದು ಕಾಲ ಕಳೆಯತಕ್ಕದ್ದು. ಹೊರಗಿನವರನ್ನು ಒಂದು ಮಾತು ಕೇಳಬೇಕಾದರೆ ಪ್ರಶ್ನೆಯು ಹೋಗಿ ಮುಟ್ಟುವುದಕ್ಕೆ 22 ನಿಮಿಷ, ಉತ್ತರವು ಬಂದು ಸೇರುವುದಕ್ಕೆ ಮತ್ತೆ 22 ನಿಮಿಷದವರೆಗೆ ಕಾಯತಕ್ಕದ್ದು. ಇದೇ ಮನೆಯಲ್ಲಿ ಮೊದಲನೆಯ ತಂಡದ ನಾಲ್ವರು 2023ರ ಜೂನ್ 25ರಿಂದ 2024ರ ಜುಲೈ 6ರವರೆಗೆ ಅಷ್ಟೇ ದಿವಸಗಳನ್ನು ಕಳೆದು, ಟೊಮೇಟೊ, ಸೊಪ್ಪು ಮುಂತಾದವುಗಳನ್ನು ಒಳಗೇ ಬೆಳೆದುಕೊಂಡು, ಸುಖವಾಗಿ ಹೊರಗೆ ಬಂದಿದ್ದರು.

ಈ ಸಂಗತಿಯನ್ನು ಓದಿದ ಕೂಡಲೆ ನಮ್ಮ ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಮನೆಯ ಬಾಗಿಲು ಹಾಕಿಕೊಂಡು ಕುಳಿತವನು ಮಂಗಳ ಗ್ರಹಕ್ಕೆ ಹೋಗಿ ಬಂದೆನೆಂದರೆ ನಂಬುವವರು ಯಾರು? ಮಕ್ಕಳು ಜಗಲಿಯ ಮೇಲೆ ಮಣೆಗಳನ್ನು ಸಾಲಾಗಿಟ್ಟು ರೈಲುಗಾಡಿಯೆಂದು ಆಡಿದಂತೆ ಇದೂ ಒಂದು ಆಟವಲ್ಲವೆ? ಆದರೆ ವಿಷಯವು ನಕ್ಕು ಬಿಟ್ಟುಬಿಡುವಂಥದಲ್ಲ. ನಮ್ಮ ದೇಶವೂ ಮನುಷ್ಯರನ್ನು ಆಕಾಶಕ್ಕೆ ಕಳುಹಿಸುವ ಸಂಕಲ್ಪವನ್ನು ಮಾಡಿದೆ. 2035ರ ಹೊತ್ತಿಗೆ ಭಾರತದ್ದೇ ಆದ ಅಂತರಿಕ್ಷ ನಿಲ್ದಾಣವೊಂದು ಇರಬೇಕು, 2040ರ ಹೊತ್ತಿಗೆ ಭಾರತೀಯನು ಚಂದ್ರನ ಮೇಲೆ ಕಾಲಿಡಬೇಕು ಎಂದು ಸರಕಾರದವರು ಗುರಿಯನ್ನು ಸಾರಿದ್ದಾರೆ. ಆ ಕಾರ್ಯದ ಮಾನವಯಾನ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಹೀಗಿರುವಲ್ಲಿ ಅನ್ಯರು ಮುಚ್ಚಿದ ಬಾಗಿಲುಗಳ ಹಿಂದೆ ಕಳೆದ ಅರವತ್ತು ವರ್ಷಗಳಿಂದ ಏನನ್ನು ಕಲಿತರು, ಯಾವ ತಪ್ಪುಗಳಿಗೆ ಎಂಥ ಬೆಲೆಯನ್ನು ತೆತ್ತರು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಈ ಪ್ರಯೋಗಗಳ ಅವಶ್ಯಕತೆಯನ್ನು ನೋಡೋಣ. ಮಂಗಳ ಗ್ರಹಕ್ಕೆ ಹೋಗಿ ಹಿಂದಿರುಗುವುದಕ್ಕೆ ಎರಡೂವರೆ ಮೂರು ವರ್ಷಗಳು ಬೇಕಾಗುವುವೆಂದು ಬಲ್ಲವರ ಲೆಕ್ಕ. ಒಂದೇ ಯಾನದಲ್ಲಿ ಅತ್ಯಂತ ದೀರ್ಘಕಾಲ ಆಕಾಶದಲ್ಲಿದ್ದ ಮನುಷ್ಯನೆಂದರೆ ರಷ್ಯದ ವೈದ್ಯ ವಲೇರಿ ಪೊಲ್ಯಕೋವ್. ಆತನು 1994ರ ಜನವರಿಯಿಂದ 1995ರ ಮಾರ್ಚಿಯವರೆಗೆ ಸುಮಾರು 437 ದಿವಸ ಮಿರ್ ನಿಲ್ದಾಣದಲ್ಲಿದ್ದನು. ಹಾಗಿದ್ದರೂ ಆತನ ಕಿಟಕಿಯ ಕೆಳಗೆ ಭೂಮಿಯು ಸದಾ ಕಾಣುತ್ತಿದ್ದಿತು. ಅಪಾಯವೊದಗಿದರೆ ಕೆಲವೇ ಗಂಟೆಗಳಲ್ಲಿ ಕೆಳಗಿಳಿಯಲು ವಾಹನವು ಸಿದ್ಧವಾಗಿದ್ದಿತು. ಮಂಗಳದ ದಾರಿಯಲ್ಲಿ ಈ ಎರಡು ಸಮಾಧಾನಗಳೂ ಇಲ್ಲ. ಭೂಮಿಯು ಒಂದು ಚುಕ್ಕೆಯಾಗಿ ಹೋಗುವುದು. ನಡುದಾರಿಯಲ್ಲಿ ಹಿಂದಿರುಗುವ ಮಾತಿಲ್ಲ. ನಿಸ್ತಂತು ಸಂದೇಶವು ಒಂದು ಕಡೆಗೆ ಮುಟ್ಟುವುದಕ್ಕೆ ಗ್ರಹಗಳ ದೂರವನ್ನನುಸರಿಸಿ ಮೂರರಿಂದ ಇಪ್ಪತ್ತೆರಡು ನಿಮಿಷಗಳು ಹಿಡಿಯುವುವು. ಯಂತ್ರವನ್ನು ಕಾರ್ಖಾನೆಯಲ್ಲಿ ಒರೆಗೆ ಹಚ್ಚಬಹುದು. ಮನುಷ್ಯನ ಮನಸ್ಸನ್ನು ಒರೆಗೆ ಹಚ್ಚುವುದು ಎಲ್ಲಿ? ಅದಕ್ಕಾಗಿಯೇ ಈ ಮುಚ್ಚಿದ ಮನೆಗಳು.

ಏಕಾಂತವೆಂದರೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಗುಹೆಯಲ್ಲಿ ತಪಸ್ಸು ಮಾಡಿದ ಋಷಿಗಳ, ಮಳೆಗಾಲದ ನಾಲ್ಕು ತಿಂಗಳು ಒಂದೇ ಸ್ಥಳದಲ್ಲಿ ನಿಲ್ಲುವ ಯತಿಗಳ ಸಂಪ್ರದಾಯವು ನಮ್ಮಲ್ಲಿ ಪುರಾತನವಾದುದು. ಆದರೆ ಒಂದು ಭೇದವನ್ನು ಮರೆಯಲಾಗದು. ತಪಸ್ವಿಯು ಜನರನ್ನು ಬಿಟ್ಟು ಹೋಗುತ್ತಾನೆ. ಅವನಿಗೆ ಬೇಕಾದುದೇ ಒಂಟಿತನ. ಆಕಾಶಯಾತ್ರಿಕನಿಗೆ ಒದಗುವುದು ಒಂಟಿತನವಲ್ಲ, ಬಿಟ್ಟು ಹೋಗಲಾಗದ ಸಹವಾಸ. ಆಷಾಢದ ಜಡಿಮಳೆಯಲ್ಲಿ ಹದಿನೈದು ದಿವಸ ಹೊರಗೆ ಹೆಜ್ಜೆಯಿಡಲಾಗದೆ ಒಂದೇ ಸೂರಿನ ಕೆಳಗೆ ಕುಳಿತ ಮಲೆನಾಡಿನ ತುಂಬಿದ ಮನೆಗಳಿಗೆ ಇದರ ಅರ್ಥವು ಚೆನ್ನಾಗಿ ಗೊತ್ತು. ಒಬ್ಬನು ಕೆಮ್ಮುವ ರೀತಿ, ಇನ್ನೊಬ್ಬನು ಲೋಟವನ್ನು ಇಡುವ ಸದ್ದು ಇವೇ ಸಾಕು, ಮನಸ್ಸು ಕೆಡುವುದಕ್ಕೆ. ಹದಿನೈದು ದಿವಸಗಳ ಸ್ಥಳದಲ್ಲಿ ಐನೂರು ದಿವಸಗಳನ್ನಿಟ್ಟು ನೋಡಿದರೆ ಪ್ರಶ್ನೆಯ ಗಾತ್ರವು ತಿಳಿಯುವುದು.

ಈ ಶೋಧನೆಗೆ ಕೈಹಾಕಿದವರಲ್ಲಿ ಫ್ರಾನ್ಸಿನ ಮಿಷೆಲ್ ಸಿಫ್ರ್ ಎಂಬ ತರುಣ ಭೂಗರ್ಭಶಾಸ್ತ್ರಜ್ಞನ ಹೆಸರನ್ನು ಮೊದಲು ಹೇಳಬೇಕು. 1962ರಲ್ಲಿ ಆತನು ಆಲ್ಪ್ಸ್ ಪರ್ವತದ ಒಂದು ಹಿಮಗುಹೆಯೊಳಗೆ ಗಡಿಯಾರವಿಲ್ಲದೆ ಎರಡು ತಿಂಗಳು ಒಬ್ಬನೇ ಇದ್ದನು. ಅವಧಿ ಮುಗಿಯಿತೆಂದು ಸಪ್ಟೆಂಬರ್ 14ರಂದು ಮೇಲಿನವರು ತಿಳಿಸಿದಾಗ ಆತನ ಲೆಕ್ಕದಲ್ಲಿ ಅದು ಇನ್ನೂ ಆಗಸ್ಟ್ 20! ಸೂರ್ಯನನ್ನು ಕಳೆದುಕೊಂಡ ಮನುಷ್ಯನು ತನ್ನ ಆಯುಷ್ಯದ ಇಪ್ಪತ್ತೈದು ದಿವಸಗಳ ಲೆಕ್ಕವನ್ನೇ ಕಳೆದುಕೊಂಡಿದ್ದನು. ತರುವಾಯ ಸೋವಿಯೆತ್ ರಷ್ಯದವರು 1967ರ ನವಂಬರ್ 5ರಿಂದ 1968ರ ನವಂಬರ್ 5ರವರೆಗೆ ಮೂವರನ್ನು ಮಾಸ್ಕೋದ ಕೋಣೆಯೊಂದರಲ್ಲಿ ಇಡಿಯ ಒಂದು ವರ್ಷ ಇರಿಸಿದರು. ತಾವು ಬಳಸಿ ಬಿಟ್ಟ ನೀರನ್ನೇ ಶುದ್ಧಮಾಡಿ ಕುಡಿಯುತ್ತ, ಸಣ್ಣದೊಂದು ಸಸ್ಯಶಾಲೆಯ ಸೊಪ್ಪನ್ನು ತಿನ್ನುತ್ತ ಆ ಮೂವರು ವರ್ಷವನ್ನು ಪೂರೈಸಿದರು. ಚೀನದವರು ಬೀಜಿಂಗಿನ ಬೈಹಾಂಗ್ ವಿಶ್ವವಿದ್ಯಾಲಯದಲ್ಲಿ ‘ಚಂದ್ರಪ್ರಾಸಾದ’ವೆಂಬ ಅರ್ಥದ ಹೆಸರುಳ್ಳ ಮುಚ್ಚಿದ ನಿವಾಸವನ್ನು ಕಟ್ಟಿ, 2017ರ ಮೇ ತಿಂಗಳಿಂದ 2018ರ ಮೇ ತಿಂಗಳವರೆಗೆ ಎರಡು ತಂಡಗಳನ್ನು ಸರದಿಯಂತೆ ಒಳಗಿರಿಸಿ 370 ದಿವಸ ನಡೆಯಿಸಿದರು.

ಇವೆಲ್ಲವುಗಳಲ್ಲಿ ಅತ್ಯಂತ ದೀರ್ಘವಾದ ಮತ್ತು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಲ್ಪಟ್ಟ ಪ್ರಯೋಗವೆಂದರೆ ‘ಮಾರ್ಸ್-500’ ಎಂಬುದು. ಮಾಸ್ಕೋದ ಜೀವವೈದ್ಯಕೀಯ ಸಮಸ್ಯೆಗಳ ಸಂಸ್ಥೆಯಲ್ಲಿ 550 ಘನಮೀಟರುಗಳಷ್ಟು ಅವಕಾಶವುಳ್ಳ, ಒಂದಕ್ಕೊಂದು ಜೋಡಿಸಿದ ಕೋಣೆಗಳೊಳಗೆ ಆರು ಮಂದಿ 2010ರ ಜೂನ್ 3ರಂದು ಪ್ರವೇಶಿಸಿದರು. ಮೂವರು ರಷ್ಯನ್ನರು, ಇಬ್ಬರು ಯುರೋಪಿಯನ್ನರು, ಒಬ್ಬನು ಚೀನದವನು. ಅವರು ಹೊರಗೆ ಬಂದುದು 2011ರ ನವಂಬರ್ 4ರಂದು. ಅಂದರೆ 520 ದಿವಸಗಳ ತರುವಾಯ. ನಡುವೆ ಫೆಬ್ರವರಿಯಲ್ಲಿ ಮೂವರು ‘ಮಂಗಳ’ದ ಮೇಲೆ ಇಳಿದರು, ಎಂದರೆ ಪಕ್ಕದ ಕೋಣೆಯಲ್ಲಿ ಹರಡಿದ್ದ ಕೆಂಪು ಮರಳಿನ ಮೇಲೆ ಭಾರವಾದ ಉಡುಪನ್ನು ತೊಟ್ಟು ನಡೆದಾಡಿದರು.

ಆರು ಮಂದಿಯೂ ಒಳಗೆ ಉಳಿದರು, ಯಾರೂ ಬಾಗಿಲನ್ನು ಬಡಿಯಲಿಲ್ಲ ಎಂಬುದು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದ ಸುದ್ದಿ. ಆದರೆ 2013 ಮತ್ತು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ವರದಿಗಳಲ್ಲಿರುವ ಸಂಗತಿಗಳು ಇನ್ನೂ ಹೆಚ್ಚು ಮನನಯೋಗ್ಯವಾಗಿವೆ. ದಿನ ಕಳೆದಂತೆ ಯಾತ್ರಿಕರು ಜಡರಾಗುತ್ತ ಹೋದರು. ಓಡಾಟವು ಕಡಿಮೆಯಾಯಿತು, ಮಲಗಿ ವಿಶ್ರಮಿಸುವ ವೇಳೆಯು ಹೆಚ್ಚಿತು. ಬಿಡುಗಡೆಯ ದಿವಸವು ಸಮೀಪಿಸಿದಾಗ ಮಾತ್ರ ಮೈಗಳಲ್ಲಿ ಚೈತನ್ಯವು ಮರಳಿತು. ಆರರಲ್ಲಿ ನಾಲ್ವರ ನಿದ್ರೆಯು ಒಂದಲ್ಲ ಒಂದು ರೀತಿಯಲ್ಲಿ ಕೆಟ್ಟಿತು. ಒಬ್ಬನ ಶರೀರವು ಇಪ್ಪತ್ತನಾಲ್ಕರ ಬದಲು ಇಪ್ಪತ್ತೈದು ಗಂಟೆಗಳ ದಿನಚರಿಗೆ ಜಾರಿದುದರಿಂದ, ಉಳಿದವರು ಮಲಗಿದ್ದಾಗ ಅವನು ಎಚ್ಚರವಾಗಿಯೂ, ಅವರು ಎಚ್ಚರವಾಗಿದ್ದಾಗ ಅವನು ನಿದ್ರೆಯಲ್ಲಿಯೂ ಇರುವಂತಾಯಿತು. ಇನ್ನೊಬ್ಬನಿಗೆ ನಿದ್ರೆಯು ಸಾಲದೆ ಸಾಲದೆ ಎಚ್ಚರಿಕೆಯ ಪರೀಕ್ಷೆಗಳಲ್ಲಿ ತಪ್ಪುಗಳು ಹೆಚ್ಚಿದವು. ಒಬ್ಬನು ನೂರಕ್ಕೆ ತೊಂಬತ್ತಮೂರು ವಾರಗಳಲ್ಲಿ ಖಿನ್ನತೆಯ ಲಕ್ಷಣಗಳನ್ನು ತಿಳಿಸಿದನು. ಆದರೆ ಇಬ್ಬರಿಗೆ ಏನೊಂದೂ ಆಗಲಿಲ್ಲ! ಆರು ಮಂದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಒಂದೇ ಜರಡಿಯಲ್ಲಿ ಸೋಸಿ ಆರಿಸಿದ್ದರು. ಎಲ್ಲರೂ ಆರೋಗ್ಯವಂತರು, ವಿದ್ಯಾವಂತರು, ಧೀರರು. ಆದರೂ ಒಂದೇ ಗೋಡೆಗಳೊಳಗೆ ಒಬ್ಬನು ಬಾಡಿದನು, ಮತ್ತೊಬ್ಬನು ನಿಶ್ಚಿಂತನಾಗಿದ್ದನು. ಯಾರು ಯಾವ ಬಗೆಯವರೆಂಬುದು ಬಾಗಿಲು ಮುಚ್ಚುವ ಮೊದಲು ಗೊತ್ತಾಗಲಿಲ್ಲ. ಈ ಒಂದು ಪಾಠಕ್ಕಾಗಿಯೇ 520 ದಿವಸಗಳನ್ನು ವೆಚ್ಚಮಾಡಿದ್ದರೂ ನಷ್ಟವೇನೂ ಇಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮುಚ್ಚಿದ ಮನೆಗಳ ಪ್ರಯೋಗಗಳನ್ನೆಲ್ಲ ಓದಿದವನಿಗೆ ಕೊನೆಯಲ್ಲಿ ಉಳಿಯುವುದೂ ಈ ಎರಡೇ ಸಂಗತಿಗಳು.

ಊಟದ ವಿಷಯವನ್ನು ನೋಡಿರಿ. ಹವಾಯಿ ದ್ವೀಪದ ಮೌನಾ ಲೋವ ಎಂಬ ಜ್ವಾಲಾಮುಖಿಯ ಇಳಿಜಾರಿನಲ್ಲಿ ಸಮುದ್ರಮಟ್ಟದಿಂದ 8,200 ಅಡಿಗಳ ಎತ್ತರದಲ್ಲಿ ಒಂದು ಗುಮ್ಮಟವನ್ನು ಕಟ್ಟಿ ಅಮೆರಿಕದವರು 2013ರಲ್ಲಿ ನಡೆಯಿಸಿದ ಮೊದಲನೆಯ ಪ್ರಯೋಗದ ಮುಖ್ಯ ವಿಷಯವು ಅಡಿಗೆಯೇ ಆಗಿದ್ದಿತು. ತಯಾರಾದ ಪೊಟ್ಟಣಗಳ ಆಹಾರವನ್ನೇ ತಿಂಗಳುಗಟ್ಟಲೆ ತಿಂದವನಿಗೆ ಬಾಯಿ ಕೆಡುತ್ತದೆ; ಬಾಯಿ ಕೆಟ್ಟವನು ಕಡಿಮೆ ತಿನ್ನುತ್ತಾನೆ; ಕಡಿಮೆ ತಿಂದವನು ಸೊರಗುತ್ತಾನೆ. ಆದಕಾರಣ ಒಣಗಿಸಿಟ್ಟ ಸಾಮಗ್ರಿಗಳಿಂದಲೇ ಯಾತ್ರಿಕರು ತಾವೇ ಅಡಿಗೆ ಮಾಡಿಕೊಂಡರೆ ಹೇಗೆಂದು ಅಲ್ಲಿ ಪರೀಕ್ಷಿಸಿದರು. ಮಾಸ್ಕೋದಲ್ಲಿ ಜರ್ಮನಿಯ ವಿಜ್ಞಾನಿಗಳು ಉಪ್ಪಿನ ಪರೀಕ್ಷೆಯನ್ನು ಕೈಕೊಂಡಿದ್ದರು. ಯಾತ್ರಿಕರಿಗೆ ದಿನವೊಂದಕ್ಕೆ ಹನ್ನೆರಡು, ಒಂಬತ್ತು, ಆರು ಗ್ರಾಮುಗಳಂತೆ ಉಪ್ಪನ್ನು ಅಳೆದು ಕೊಟ್ಟು, ಒಂದು ತೊಟ್ಟು ಮೂತ್ರವನ್ನೂ ಬಿಡದೆ ಪರೀಕ್ಷಿಸಿದರು. ತಿಂದ ಉಪ್ಪು ಅಂದಂದೇ ಹೊರಗೆ ಹೋಗುವುದೆಂಬ ಬಹುಕಾಲದ ನಂಬಿಕೆಯು ಸುಳ್ಳಾಯಿತು. ಶರೀರವು ಅದನ್ನು ದಿನಗಟ್ಟಲೆ ಕೂಡಿಟ್ಟು ತನ್ನದೇ ಆದ ಲಯದಲ್ಲಿ ಬಿಡುವುದೆಂದು ಕಂಡುಬಂದಿತು. ಉಪ್ಪು ಹೆಚ್ಚಾದರೆ ಮನುಷ್ಯನು ಹೆಚ್ಚು ನೀರು ಕುಡಿಯುವನೆಂಬ ಮಾತೂ ನಿಲ್ಲಲಿಲ್ಲ. ದೀರ್ಘಕಾಲದಲ್ಲಿ ಆತನು ಕುಡಿಯುವ ನೀರು ಕಡಿಮೆಯೇ ಆಯಿತು, ಹಸಿವು ಮಾತ್ರ ಹೆಚ್ಚಿತು. ಉಪ್ಪಿನಕಾಯಿ ಹಪ್ಪಳಗಳ ನಾಡಿನಲ್ಲಿ, ರಕ್ತದ ಒತ್ತಡದ ಬಾಧೆಯು ಮನೆಮನೆಗೂ ಬಂದಿರುವ ಈ ಕಾಲದಲ್ಲಿ, ಇದು ಮಂಗಳ ಗ್ರಹದ ಸುದ್ದಿಯೋ ನಮ್ಮ ಅಡಿಗೆಮನೆಯ ಸುದ್ದಿಯೋ? ನಗರಗಳ ಸಹಸ್ರಾರು ಜನರಲ್ಲಿ ಯಾರು ಎಷ್ಟು ಉಪ್ಪು ತಿಂದರೆಂದು ತಿಂಗಳುಗಟ್ಟಲೆ ಅಳೆಯುವುದು ಸಾಧ್ಯವಿಲ್ಲ. ಮುಚ್ಚಿದ ಮನೆಯಲ್ಲಿ ಅದು ಸಾಧ್ಯವಾಯಿತು.

ಇನ್ನು ಮಾತಿನ ವಿಷಯ. ಒಳಗಿದ್ದ ಆರು ಮಂದಿ ತಮ್ಮತಮ್ಮಲ್ಲಿ ಎಷ್ಟು ಜಗಳವಾಡಿದರೆಂದು ಎಲ್ಲರೂ ಕುತೂಹಲದಿಂದ ಕೇಳುತ್ತಾರೆ. ವರದಿಯಲ್ಲಿರುವ ಉತ್ತರವು ಆಶ್ಚರ್ಯಕರವಾದುದು: ತಮ್ಮತಮ್ಮಲ್ಲಿ ಉಂಟಾದ ವಿರಸಕ್ಕಿಂತ ಹೊರಗಿನ ನಿಯಂತ್ರಣಾಲಯದೊಡನೆ ಉಂಟಾದ ವಿರಸವು ಐದು ಪಾಲು ಹೆಚ್ಚು! ದೂರದ ಠಾಣೆಯಲ್ಲಿ ಕೆಲಸ ಮಾಡಿದ ಯಾವ ನೌಕರನಿಗಾದರೂ ಇದರ ಕಾರಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಷ್ಟವು ಇವನದು, ಅಪ್ಪಣೆಯು ಅವರದು. ಇಲ್ಲಿಯ ಸ್ಥಿತಿಯನ್ನು ಕಣ್ಣಾರೆ ಕಾಣದವರು ಅಲ್ಲಿಂದ ಕಾಗದವನ್ನು ಕಳುಹಿಸುತ್ತಾರೆ. ಅದು ಬಂದು ಮುಟ್ಟುವುದರೊಳಗೆ ಇಲ್ಲಿಯ ಪರಿಸ್ಥಿತಿಯು ಬೇರೆಯಾಗಿರುತ್ತದೆ. ಬರಗಾಲದ ವರದಿಯನ್ನು ಬರೆದುಕೊಂಡವನಿಗೆ ಪ್ರವಾಹದ ವಿಷಯವಾಗಿ ಜವಾಬು ಬಂದಂತೆ! ಒಳಗಿನವರೊಡನೆ ಜಗಳವಾಡಿದರೆ ನಾಳೆ ಅದೇ ಮುಖವನ್ನು ನೋಡಬೇಕು, ಆದುದರಿಂದ ಮನುಷ್ಯನು ಅದನ್ನು ನುಂಗಿಕೊಳ್ಳುತ್ತಾನೆ. ನುಂಗಿದ ಸಿಟ್ಟು ಮೇಲ್ಕಛೇರಿಯ ಕಡೆಗೆ ತಿರುಗುತ್ತದೆ. ಇದರಿಂದ ಸಿದ್ಧವಾಗುವುದೇನೆಂದರೆ, ಯಾತ್ರಿಕರನ್ನು ಆರಿಸಿ ತರಬೇತು ಮಾಡಿದರೆ ಸಾಲದು. ಅವರಿಗೆ ಅಪ್ಪಣೆ ಕೊಡತಕ್ಕ ಅಧಿಕಾರಿಗಳನ್ನೂ ಅಷ್ಟೇ ಎಚ್ಚರಿಕೆಯಿಂದ ಆರಿಸಿ ತರಬೇತು ಮಾಡಬೇಕು. ಯಾವ ವಿಷಯದಲ್ಲಿ ಅಪ್ಪಣೆ, ಯಾವ ವಿಷಯದಲ್ಲಿ ಸಲಹೆ, ಯಾವ ವಿಷಯದಲ್ಲಿ ಯಾತ್ರಿಕರ ಸ್ವಂತ ವಿವೇಚನೆ ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಎಲ್ಲ ಪ್ರಯೋಗಗಳೂ ಮಾರ್ಸ್-500ರಂತೆ ಶಾಂತವಾಗಿ ಮುಗಿದವೆಂದು ಯಾರೂ ತಿಳಿಯಬಾರದು. ಅದೇ ಮಾಸ್ಕೋ ಸಂಸ್ಥೆಯಲ್ಲಿ 1999-2000ರಲ್ಲಿ ನಡೆದ ಪ್ರಯೋಗವೊಂದರಲ್ಲಿ ಹೊಸ ವರ್ಷದ ಸಮಾರಂಭದ ದಿವಸ ಇಬ್ಬರು ಪುರುಷರು ರಕ್ತ ಬರುವಂತೆ ಹೊಡೆದಾಡಿದರು. ಕೆನಡಾ ದೇಶದ ಮಹಿಳೆಯೊಬ್ಬಳನ್ನು ಆಕೆಯ ಮನಸ್ಸಿಗೆ ವಿರುದ್ಧವಾಗಿ ಹಿಡಿದೆಳೆದು ಮುತ್ತಿಡಲಾಯಿತು. ಜಪಾನಿನ ಸ್ವಯಂಸೇವಕನೊಬ್ಬನು ಪ್ರಯೋಗವನ್ನು ಬಿಟ್ಟು ಹೊರಟುಹೋದನು. ಇದು ಭಿನ್ನ ಸಂಸ್ಕೃತಿಗಳ ತಿಳಿವಳಿಕೆಯ ಭೇದವೆಂದು ಸಮಾಧಾನ ಹೇಳಲಾಯಿತು. ಸಂಸ್ಕೃತಿಯ ಹೆಸರಿನಲ್ಲಿ ಅಸಭ್ಯತೆಯನ್ನು ಮುಚ್ಚುವ ಈ ಪದ್ಧತಿಯು ಸಂಸ್ಕೃತಿಗೇ ಅವಮಾನಕರವೆಂದು ನಾವು ಹೇಳದೆ ಇರಲಾರೆವು. ದೂರಿಗೆ ಕಿವಿಗೊಡದ ಮೇಲಧಿಕಾರಿಯಿದ್ದರೆ ಮುಚ್ಚಿದ ಕೋಣೆಯು ಪ್ರಯೋಗಶಾಲೆಯಾಗಿ ಉಳಿಯುವುದಿಲ್ಲ, ಸೆರೆಮನೆಯಾಗುತ್ತದೆ.

ಅಮೆರಿಕದ ಅರಿಜೋನ ಪ್ರಾಂತದಲ್ಲಿ ಮೂರು ಎಕರೆಗಳಿಗೆ ಮಿಕ್ಕಿದ ನೆಲದ ಮೇಲೆ ಗಾಜಿನ ಮನೆಯನ್ನು ಕಟ್ಟಿ, ಅದರೊಳಗೆ ಕಾಡು, ಹೊಲ, ಕಿರಿದಾದ ಸಮುದ್ರವನ್ನೂ ಏರ್ಪಡಿಸಿ, 1991ರ ಸಪ್ಟೆಂಬರಿನಿಂದ 1993ರ ಸಪ್ಟೆಂಬರಿನವರೆಗೆ ಎಂಟು ಮಂದಿಯನ್ನು ಇರಿಸಿದ ‘ಬಯೋಸ್ಫಿಯರ್-2’ರ ಕಥೆಯೂ ಬೋಧಪ್ರದವಾಗಿದೆ. ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದರ ಹತ್ತಿರವಿದ್ದ ಪ್ರಾಣವಾಯುವು ಹದಿನಾಲ್ಕರ ಸುಮಾರಿಗೆ ಇಳಿದುಹೋಯಿತು. ಫಲವತ್ತಾದ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ಉಸಿರಾಡಿ ಮುಗಿಸುತ್ತಿದ್ದವು. ಅವು ಬಿಟ್ಟ ಇಂಗಾಲಾಮ್ಲ ವಾಯುವನ್ನು ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿದ್ದಿತು. ಹೊರಗಿನಿಂದ ಪ್ರಾಣವಾಯುವನ್ನು ತುಂಬಬೇಕಾಯಿತು. ಎಂಟು ಮಂದಿಯು ನಾಲ್ಕು ನಾಲ್ಕರ ಎರಡು ಪಕ್ಷಗಳಾಗಿ ಒಡೆದರು. ಆದರೂ ಗಾಳಿಯು ಕೆಟ್ಟುದಕ್ಕಿಂತ ಹೆಚ್ಚಾಗಿ ಆ ಪ್ರಯೋಗದ ಹೆಸರನ್ನು ಕೆಡಿಸಿದುದು ಬೇರೊಂದು. ಇಂಗಾಲಾಮ್ಲವನ್ನು ಹೀರುವ ಯಂತ್ರವೊಂದನ್ನು ಒಳಗಿಟ್ಟಿದ್ದ ಸಂಗತಿಯನ್ನು ನಿರ್ವಾಹಕರು ಮೊದಲೇ ಸಾರ್ವಜನಿಕರಿಗೆ ತಿಳಿಸಿರಲಿಲ್ಲ. ತಿಳಿಸಿದ್ದರೆ ಅದು ವಿವೇಕವೆನಿಸುತ್ತಿದ್ದಿತು; ಮುಚ್ಚಿಟ್ಟುದರಿಂದ ವಂಚನೆಯೆನಿಸಿತು.

ಮುಚ್ಚಿಡುವುದರ ಪರಿಣಾಮವು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಮತ್ತೊಂದು ನಿದರ್ಶನವನ್ನು ಇಲ್ಲಿ ಹೇಳಲೇಬೇಕು. 1961ರ ಮಾರ್ಚಿ 23ರಂದು ಮಾಸ್ಕೋದ ಪ್ರತ್ಯೇಕ ಕೋಣೆಯೊಂದರಲ್ಲಿ ವಲೆಂಟಿನ್ ಬೊಂದರೆಂಕೊ ಎಂಬ ಇಪ್ಪತ್ತನಾಲ್ಕು ವರ್ಷ ವಯಸ್ಸಿನ ತರುಣನು ತನ್ನ ಹದಿನೈದು ದಿವಸಗಳ ಏಕಾಂತವಾಸದ ಹತ್ತನೆಯ ದಿನವನ್ನು ಕಳೆಯುತ್ತಿದ್ದನು. ಗಗನಯಾತ್ರೆಗಾಗಿ ಆರಿಸಲ್ಪಟ್ಟ ಮೊದಲನೆಯ ಸೋವಿಯೆತ್ ತಂಡದಲ್ಲಿ ಅವನು ಎಲ್ಲರಿಗಿಂತ ಕಿರಿಯನು. ವೈದ್ಯಪರೀಕ್ಷೆಯ ಸಲಕರಣೆಗಳನ್ನು ಮೈಯಿಂದ ತೆಗೆದು, ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ಚರ್ಮವನ್ನು ಒರಸಿಕೊಂಡು, ಆ ಹತ್ತಿಯನ್ನು ಎಸೆದನು. ಅದು ಕಾದ ವಿದ್ಯುತ್ ಒಲೆಯ ಮೇಲೆ ಬಿದ್ದಿತು. ಕೋಣೆಯ ಗಾಳಿಯಲ್ಲಿ ಪ್ರಾಣವಾಯುವನ್ನು ಬಹಳ ಹೆಚ್ಚಾಗಿ ತುಂಬಿದ್ದುದರಿಂದ ಕ್ಷಣಾರ್ಧದಲ್ಲಿ ಬೆಂಕಿಯು ಎಲ್ಲೆಡೆ ಹಬ್ಬಿತು. ಒಳಗಿನ ಹೊರಗಿನ ಗಾಳಿಯ ಒತ್ತಡಗಳಲ್ಲಿ ಭೇದವಿದ್ದುದರಿಂದ ಬಾಗಿಲನ್ನು ಕೂಡಲೆ ತೆರೆಯಲಾಗಲಿಲ್ಲ. ಸುಟ್ಟ ಗಾಯಗಳಿಂದ ಅವನು ಕೆಲವು ಗಂಟೆಗಳಲ್ಲಿ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟನು. ಇಪ್ಪತ್ತು ದಿವಸಗಳ ತರುವಾಯ, ಏಪ್ರಿಲ್ 12ರಂದು, ಗಗಾರಿನ್ ಆಕಾಶಕ್ಕೇರಿ ಲೋಕವೆಲ್ಲ ಜಯಘೋಷ ಮಾಡಿತು. ಬೊಂದರೆಂಕೊವಿನ ಹೆಸರು ಮಾತ್ರ ಇಪ್ಪತ್ತೈದು ವರ್ಷಗಳವರೆಗೆ ಕಡತದೊಳಗೇ ಉಳಿಯಿತು. ಸೋವಿಯೆತ್ ಪತ್ರಿಕೆಯಲ್ಲಿ ಅದು ಪ್ರಕಟವಾದುದು 1986ರಲ್ಲಿ. ಈ ನಡುವೆ 1967ರ ಜನವರಿ 27ರಂದು ಅಮೆರಿಕದ ಮೂವರು ಗಗನಯಾತ್ರಿಕರು ನೆಲದ ಮೇಲೆಯೇ, ಪರೀಕ್ಷೆಯ ಸಮಯದಲ್ಲಿಯೇ, ಶುದ್ಧ ಪ್ರಾಣವಾಯು ತುಂಬಿದ್ದ ಅಪೋಲೊ ನೌಕೆಯಲ್ಲಿ ಬೆಂಕಿಗೆ ಆಹುತಿಯಾದರು. ಮೊದಲನೆಯ ಸುದ್ದಿಯು ತಿಳಿದಿದ್ದರೆ ಎರಡನೆಯದು ತಪ್ಪುತ್ತಿದ್ದಿತೆಂದು ನಿರ್ಧರಿಸಿ ಹೇಳುವುದು ನ್ಯಾಯವಲ್ಲ. ಆದರೆ ಆ ತರುಣನ ಮರಣದಿಂದ ಲೋಕಕ್ಕೆ ದೊರೆಯಬಹುದಾಗಿದ್ದ ಎಚ್ಚರಿಕೆಯು ದೊರೆಯದೆ ಹೋಯಿತೆಂಬುದು ನಿರ್ವಿವಾದ. ಪ್ರಾಣವನ್ನು ಕೊಟ್ಟವನ ದಾನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಕ್ಕೆ ಯಾವ ಸರಕಾರಕ್ಕೂ ಅಧಿಕಾರವಿಲ್ಲ.

ಈ ಪ್ರಯೋಗಗಳಿಗೆ ತಮ್ಮದೇ ಆದ ಮಿತಿಗಳಿವೆ. ಅವುಗಳನ್ನು ಮರೆಸುವುದೂ ಸತ್ಯಕ್ಕೆ ದ್ರೋಹವೇ. ಭೂಮಿಯ ಮೇಲಿನ ಕೋಣೆಯಲ್ಲಿ ತೂಕವು ಇಲ್ಲದಂತಾಗುವುದಿಲ್ಲ. ಅದಕ್ಕಾಗಿ ಜರ್ಮನಿಯ ಕಲೋನ್ ನಗರದಲ್ಲಿ ಸ್ವಯಂಸೇವಕರನ್ನು ತಲೆಯು ಆರು ಅಂಶ ಕೆಳಗಾಗುವಂತೆ ಎರಡೆರಡು ತಿಂಗಳು ಹಾಸಿಗೆಯಲ್ಲೇ ಮಲಗಿಸಿಟ್ಟು ಸ್ನಾಯುಗಳೂ ಎಲುಬುಗಳೂ ಸವೆಯುವ ರೀತಿಯನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ. ಆಕಾಶದ ಅಪಾಯಕರ ಕಿರಣಗಳೂ ಕೋಣೆಯೊಳಗೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಣಾಪಾಯವು ಬಂದರೆ ಬಾಗಿಲನ್ನು ತೆರೆಯುವರೆಂಬ ಧೈರ್ಯವು ಒಳಗಿನವನ ಮನಸ್ಸಿನ ಮೂಲೆಯಲ್ಲಿ ಇದ್ದೇ ಇರುತ್ತದೆ. 2018ರ ಫೆಬ್ರವರಿಯಲ್ಲಿ ಹವಾಯಿಯ ಗುಮ್ಮಟದಲ್ಲಿ ಒಬ್ಬನಿಗೆ ವಿದ್ಯುತ್ತಿನ ಆಘಾತವಾದಾಗ ನಾಲ್ಕನೆಯ ದಿವಸವೇ ಬಾಗಿಲು ತೆರೆದು ಆಸ್ಪತ್ರೆಗೆ ಸಾಗಿಸಿದರು. ಮಂಗಳದ ದಾರಿಯಲ್ಲಿ ಆಸ್ಪತ್ರೆಯೆಲ್ಲಿ? ಕೆರೆಯ ದಂಡೆಯಲ್ಲಿ ಕೈಕಾಲು ಆಡಿಸಿದ ಮಾತ್ರಕ್ಕೆ ಈಜು ಬಂದಂತಾಗುವುದಿಲ್ಲವೆಂಬುದು ನಿಜ. ಆದರೆ ದಂಡೆಯ ಮೇಲೆಯೇ ಉಸಿರು ಕಟ್ಟುವವನು ಯಾರೆಂದು ಗೊತ್ತಾದರೆ ಅವನನ್ನು ನಡುಹೊಳೆಗೆ ತಳ್ಳುವ ಪಾಪವಾದರೂ ತಪ್ಪುವುದಷ್ಟೆ?

ಈಗ ನಮ್ಮ ದೇಶದ ವಿಷಯ. ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು 2025ರ ಜೂನ್-ಜುಲೈ ತಿಂಗಳುಗಳಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ ಸುಖವಾಗಿ ಹಿಂದಿರುಗಿದುದನ್ನು ದೇಶವೆಲ್ಲ ಸಂತೋಷದಿಂದ ಕಂಡಿತು. ನಮ್ಮ ಯಾತ್ರಿಕರ ವೈದ್ಯಪರೀಕ್ಷೆಯು ನಡೆದುದು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿಯೇ. ಏಕಾಂತವಾಸದ ಪ್ರಯೋಗಗಳಿಗೂ ಆರಂಭವಾಗಿದೆ. 2024ರ ನವಂಬರಿನಲ್ಲಿ ಲಡಾಖದ ಲೇಹದಲ್ಲಿ ಇಸ್ರೋದ ಮಾನವಯಾನ ಕೇಂದ್ರವು ಇತರ ಸಂಸ್ಥೆಗಳೊಡನೆ ಮೊದಲನೆಯ ಪ್ರಯೋಗವನ್ನು ನಡೆಯಿಸಿತು. 2025ರ ಆಗಸ್ಟ್ ಒಂದರಿಂದ ಹತ್ತರವರೆಗೆ ಅದೇ ಲಡಾಖದ ತ್ಸೋ ಕಾರ್ ಕಣಿವೆಯಲ್ಲಿ, ಬೆಂಗಳೂರಿನ ಖಾಸಗಿ ಕಂಪನಿಯೊಂದು ಇಸ್ರೋದ ನೆರವಿನಿಂದ ಸ್ಥಾಪಿಸಿದ ‘ಹೋಪ್’ ಎಂಬ ನಿವಾಸದಲ್ಲಿ ಇಬ್ಬರು ಹತ್ತು ದಿವಸ ಇದ್ದು ಬಂದರು. ಗಾಳಿಯು ತೆಳುವಾಗಿರುವ, ಚಳಿಯು ತೀಕ್ಷ್ಣವಾಗಿರುವ, ಉಪ್ಪುಮಣ್ಣಿನ ಆ ಕಣಿವೆಯು ಇಂಥ ಕಾರ್ಯಕ್ಕೆ ತಕ್ಕ ಸ್ಥಳವೇ ಸರಿ. ಈ ಉದ್ಯಮವು ಅಭಿನಂದನಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹತ್ತು ದಿವಸವೆಂಬುದು ನೆಂಟರ ಮನೆಯ ವಾಸ. ಮನುಷ್ಯನ ಸ್ವಭಾವವು ಹೊರಗೆ ಬೀಳುವುದು ಸೌಜನ್ಯವು ಸವೆದ ಮೇಲೆ. ಅದು ಹತ್ತು ದಿವಸಗಳಲ್ಲಿ ಸವೆಯುವಂಥದಲ್ಲ. ಗಗನಯಾನದ ಮೂರು ದಿವಸಗಳ ಯಾತ್ರೆಗೆ ಈ ಸಿದ್ಧತೆಯು ಸಾಕಾದೀತು. ನಿಲ್ದಾಣದ ವಾಸಕ್ಕೆ ಸಾಲದು, ಚಂದ್ರನ ಯಾತ್ರೆಗೆ ಸರ್ವಥಾ ಸಾಲದು.

ನಮ್ಮಲ್ಲಿ ಅನುಭವದ ಭಂಡಾರವೇ ಇಲ್ಲವೆಂದಲ್ಲ. 1984ರಿಂದಲೂ ಭಾರತೀಯ ತಂಡಗಳು ದಕ್ಷಿಣ ಧ್ರುವಖಂಡದಲ್ಲಿ, ಮೊದಲು ದಕ್ಷಿಣ ಗಂಗೋತ್ರಿಯಲ್ಲಿ, 1989ರಿಂದ ಮೈತ್ರಿಯಲ್ಲಿ, 2012ರಿಂದ ಭಾರತಿಯಲ್ಲಿ ಕೆಲಸ ಮಾಡುತ್ತ, ಹಡಗೂ ವಿಮಾನವೂ ಬರಲಾರದ ಚಳಿಗಾಲಗಳನ್ನು ಕಳೆದಿವೆ. ಅಲ್ಲಿ ತಿಂಗಳುಗಟ್ಟಲೆ ಸೂರ್ಯನಿಲ್ಲ. ಬಾಗಿಲಿನ ಹೊರಗೆ ಸಾವು ಕಾದಿರುವುದರಿಂದ ಅದು ನಿಜವಾದ ಏಕಾಂತ. ಫ್ರಾನ್ಸ್ ಇಟಲಿಗಳ ಕಾಂಕೋರ್ಡಿಯ ನಿಲ್ದಾಣಕ್ಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ಚಳಿಗಾಲಕ್ಕಾಗಿ ಒಬ್ಬ ವೈದ್ಯನನ್ನು ಕಳುಹಿಸಿ ಈ ವಿಷಯವನ್ನೇ ಅಭ್ಯಾಸ ಮಾಡಿಸುತ್ತ ಬಂದಿದೆ. ನಮ್ಮ ಅಡಿಗೆಯ ರುಚಿ, ನಮ್ಮ ಹಬ್ಬಗಳ ಹಂಬಲ, ಹಿರಿಯ ಕಿರಿಯರೆಂಬ ನಮ್ಮ ಸಂಕೋಚ, ಹತ್ತು ಭಾಷೆಗಳ ನಮ್ಮ ಮಾತು ಇವುಗಳೊಡನೆ ಕೂಡಿದ ಏಕಾಂತವು ಹೇಗಿರುವುದೆಂದು ಮಾಸ್ಕೋದ ವರದಿಗಳಿಂದ ತಿಳಿಯಲಾರದು. ಮೈತ್ರಿಯಿಂದ ಬಂದವರನ್ನೇ ಕೇಳಬೇಕು.

ಹೊಟ್ಟೆಗಿಲ್ಲದವರು ಕೋಟಿಗಟ್ಟಲೆ ಇರುವಾಗ ಇಂಥ ಪ್ರಯೋಗಗಳಿಗೆ ಹಣವೇಕೆಂದು ಯಾರಾದರೂ ಆಕ್ಷೇಪಿಸಬಹುದು. ಪ್ರಶ್ನೆಯು ಗೌರವಾರ್ಹವಾದುದು, ಅದನ್ನು ಬದಿಗೆ ತಳ್ಳುವುದು ಅಹಂಕಾರವಾದೀತು. ಮನುಷ್ಯರನ್ನು ಆಕಾಶಕ್ಕೆ ಕಳುಹಿಸಬೇಕೇ ಬೇಡವೇ ಎಂಬುದು ಒಂದು ಚರ್ಚೆ. ಕಳುಹಿಸುವುದೆಂದು ನಿಶ್ಚಯವಾದ ಮೇಲೆ, ಅವರನ್ನು ಪರೀಕ್ಷೆಯಿಲ್ಲದೆ ಕಳುಹಿಸಬಹುದೇ ಎಂಬುದು ಬೇರೆಯ ಚರ್ಚೆ. ಮೊದಲನೆಯದರಲ್ಲಿ ಎರಡು ಪಕ್ಷಗಳಿರಬಹುದು. ಎರಡನೆಯದರಲ್ಲಿ ಎರಡು ಪಕ್ಷಗಳಿಲ್ಲ. ರಾಕೆಟ್ಟುಗಳಿಗೆ ತಗಲುವ ವೆಚ್ಚದ ಮುಂದೆ ಒಂದು ಮುಚ್ಚಿದ ಮನೆಯ ವೆಚ್ಚವು ಅತ್ಯಲ್ಪ. ಅದರ ಫಲವೂ ಆಕಾಶಕ್ಕೆ ಮಾತ್ರ ಮೀಸಲಲ್ಲ. ಸಿಯಾಚಿನ್ನಿನ ಹಿಮದಲ್ಲಿ ಕಾವಲಿರುವ ಸೈನಿಕ, ಜಲಾಂತರ್ಗಾಮಿಯ ನಾವಿಕ, ಸಮುದ್ರದ ನಡುವೆ ಎಣ್ಣೆಬಾವಿಯ ಮೇಲೆ ದುಡಿಯುವ ಕೆಲಸಗಾರ ಇವರೆಲ್ಲರೂ ಬಿಟ್ಟು ಹೋಗಲಾಗದ ಸಹವಾಸದಲ್ಲಿ ಬದುಕುವವರೇ. 2020ರ ಮಹಾಮಾರಿಯ ಕಾಲದಲ್ಲಿ ನಾವೆಲ್ಲರೂ ಬಾಗಿಲು ಹಾಕಿಕೊಂಡು ಕುಳಿತಾಗ ನಿದ್ರೆಗೆಟ್ಟವರೂ ಜಡರಾದವರೂ ಮನೆಯವರ ಮೇಲೆ ಸಿಡುಕಿದವರೂ ಎಷ್ಟು ಮಂದಿಯೆಂಬುದು ವಾಚಕರಿಗೆ ನೆನಪಿರಬಹುದು.

ಆದಕಾರಣ ಸರಕಾರದವರ ಮುಂದೆಯೂ ಇಸ್ರೋದ ಅಧಿಕಾರಿಗಳ ಮುಂದೆಯೂ ನಾವು ನಾಲ್ಕು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡುತ್ತೇವೆ. ಮೊದಲನೆಯದಾಗಿ, ಹತ್ತು ದಿವಸಗಳಿಂದ ಮೂರು ತಿಂಗಳಿಗೂ, ಅಲ್ಲಿಂದ ವರ್ಷಕ್ಕೂ ಏರುವ ಪ್ರಯೋಗಗಳ ಕ್ರಮವೊಂದನ್ನು ಗೊತ್ತುಮಾಡಿ, ಅದಕ್ಕೆ ತಕ್ಕ ಸ್ಥಿರವಾದ ನಿವಾಸವನ್ನು ಕಟ್ಟಿಸಬೇಕು. ಎರಡನೆಯದಾಗಿ, ಒಳಗೆ ಹೋದವನು ‘ಸಾಕು’ ಎಂದು ಹೇಳಿ ಹೊರಬಂದರೆ ಅವನ ಮಾನಕ್ಕೂ ಮುಂದಿನ ಉದ್ಯೋಗಕ್ಕೂ ಕುಂದು ಬಾರದೆಂಬ ಲಿಖಿತ ಅಭಯವು ಇರಬೇಕು. ಇದಿಲ್ಲದಿದ್ದರೆ ಯಾತ್ರೆಯ ಅವಕಾಶವು ತ‍ಪ್ಪೀತೆಂಬ ಭಯದಿಂದ ಪ್ರತಿಯೊಬ್ಬನೂ ಪ್ರಶ್ನಾವಳಿಯಲ್ಲಿ ‘ಕ್ಷೇಮ’ವೆಂದೇ ಬರೆದು ಕೊಡುವನು, ಪ್ರಯೋಗವೆಲ್ಲ ಕಾಗದದ ಕ್ಷೇಮಸಮಾಚಾರವಾಗುವುದು. ಸ್ತ್ರೀಯರಿಗೂ ಈ ಪ್ರಯೋಗಗಳಲ್ಲಿ ಸಮನಾದ ಸ್ಥಾನವಿದ್ದು, ದೂರನ್ನು ಕೇಳುವುದಕ್ಕೆ ಪ್ರಯೋಗದ ಮುಖ್ಯಸ್ಥರಲ್ಲದ ಬೇರೊಬ್ಬ ಅಧಿಕಾರಿಯು ನೇಮಕವಾಗಿರಬೇಕು. ಮೂರನೆಯದಾಗಿ, ನಿಯಂತ್ರಣಾಲಯದ ಅಧಿಕಾರಿಗಳ ನಡತೆಯನ್ನೂ ಯಾತ್ರಿಕರ ನಡತೆಯಷ್ಟೇ ಪರೀಕ್ಷಿಸಿ ವರದಿಯಲ್ಲಿ ಸೇರಿಸಬೇಕು. ನಾಲ್ಕನೆಯದಾಗಿ, ಪ್ರಯೋಗವು ಮುಗಿದ ನಿಯತ ಕಾಲದೊಳಗೆ ವರದಿಯು ಸಂಪೂರ್ಣವಾಗಿ ಪ್ರಕಟವಾಗಬೇಕು. ಒಳಗಿನವರ ಖಾಸಗಿ ವಿಷಯಗಳನ್ನು ರಕ್ಷಿಸಿ, ಉಳಿದುದನ್ನೆಲ್ಲ, ಸೋಲುಗಳನ್ನೂ ಸಹ, ದೇಶಭಾಷೆಗಳಲ್ಲಿ ಜನರ ಮುಂದಿಡಬೇಕು. ಹಣವು ಜನರದು, ಮಕ್ಕಳು ಜನರವರು. ವಾರ್ತೆಯು ಮಾತ್ರ ಕಛೇರಿಯದೆಂದರೆ ಅದು ನ್ಯಾಯವಲ್ಲ.

ಈ ನಾಲ್ಕರಲ್ಲಿ ಕೊನೆಯದೇ ಮುಖ್ಯವೆಂದು ನಮ್ಮ ಭಾವನೆ. ನಮ್ಮ ಕಛೇರಿಗಳಲ್ಲಿ ಮೇಲಿನವರಿಗೆ ಪ್ರಿಯವಾದುದನ್ನೇ ಬರೆದು ಕಳುಹಿಸುವ ಅಭ್ಯಾಸವು ಆಳವಾಗಿ ಬೇರುಬಿಟ್ಟಿದೆಯೆಂಬುದನ್ನು ಅಧಿಕಾರಿಗಳಾದ ನಮ್ಮ ವಾಚಕರು ನಮಗಿಂತ ಚೆನ್ನಾಗಿ ಬಲ್ಲರು. ರಸ್ತೆಯ ವರದಿಯಲ್ಲಿ, ಬೆಳೆಯ ವರದಿಯಲ್ಲಿ ಅದರಿಂದ ಆಗುವ ಹಾನಿಯನ್ನು ಹೇಗೋ ತಾಳಿಕೊಂಡು ಬಂದಿದ್ದೇವೆ. ಆದರೆ ಭೂಮಿಯಿಂದ ಲಕ್ಷಾಂತರ ಮೈಲಿಗಳ ದೂರದಲ್ಲಿ, ತೆಳುವಾದ ಲೋಹದ ಗೋಡೆಯೊಳಗೆ ಮೂವರು ನಾಲ್ವರು ಕುಳಿತಿರುವಾಗ, ಹಿಂದೆ ಯಾರೋ ಬರೆದ ಒಂದು ಸುಳ್ಳು ‘ಕ್ಷೇಮ’ವು ಅವರ ಪ್ರಾಣಕ್ಕೆ ಬಂದೀತು. ಆ ಸುಳ್ಳನ್ನು ಈ ನೆಲದ ಮೇಲೆಯೇ, ಬಾಗಿಲನ್ನು ತೆರೆಯಬಹುದಾದ ಮನೆಯಲ್ಲಿಯೇ ಕಂಡುಹಿಡಿದು ತಿದ್ದಿಕೊಳ್ಳುವುದು ವಿವೇಕ. ನಮ್ಮ ಯಾತ್ರಿಕರು ಎಷ್ಟು ದೂರ ಹೋದರೆಂಬುದನ್ನು ಲೋಕವು ಎಣಿಸುವುದು; ಅವರನ್ನು ಕಳುಹಿಸಿದವರು ಎಷ್ಟು ಸತ್ಯವಂತರಾಗಿದ್ದರೆಂಬುದನ್ನು ಅವರು ಸುಖವಾಗಿ ಹಿಂದಿರುಗಿ ಬಂದು ತೋರಿಸಲಿ.